ಪಿಕಪ್ ಟ್ರಕ್ಕಿಗೆ ಹೆಡರ್ ಹಾಕಿಸಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಪಿಕಪ್ ಟ್ರಕ್ ಇಟ್ಟುಕೊಂಡಿರುವ ಕನ್ನಡಿಗರು ಈಗ ಕಮ್ಮಿಯೇನಿಲ್ಲ. ವಾರಂಟಿ ಮುಗಿಯುವ ಹೊತ್ತಿಗೆ ಸರಿಯಾಗಿ ಹೆಡರ್ ಆಸೆ ಶುರುವಾಗುತ್ತದೆ. ಊಟಕ್ಕೆ ಸೇರಿದಾಗ, ಫೋನಿನಲ್ಲಿ, ಮೆಸೇಜಿನಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಬೇರೆ ಗಾಡಿಯ ಹೆಸರು ಹೇಳದ ಕಡೆ ನನ್ನ ಮನಸ್ಸಿನಲ್ಲಿರುವುದು ಶೆವರ್ಲೆ ಸಿಲ್ವರಾಡೊ 1500, ಅದರ 5.3 ಲೀಟರ್ ವಿ8 ಎಂಜಿನ್. ನನ್ನನ್ನು ಕೇಳುವವರಲ್ಲಿ ಜಾಸ್ತಿ ಜನರ ಹತ್ತಿರ ಇರುವುದು ಅದೇ.

## ಮೊದಲ ಪ್ರಶ್ನೆಗಳು

ಹೆಡರ್ ಅಂದ್ರೆ ಏನ್ರೀ? ಸೈಲೆನ್ಸರ್ ಬದಲಾಯಿಸೋದೂ ಇದೂ ಒಂದೇನಾ?

ಅಲ್ಲ. ಸೈಲೆನ್ಸರ್ ಇರುವುದು ಗಾಡಿಯ ಹಿಂದೆ, ಹೆಡರ್ ಇರುವುದು ಎಂಜಿನ್ ಪಕ್ಕದಲ್ಲೇ. ಸಿಲಿಂಡರಿನಿಂದ ಹೊಗೆ ಹೊರಗೆ ಬಂದ ತಕ್ಷಣ ಸಿಗುವ ಮೊದಲ ಭಾಗ ಅದು. ಕಂಪನಿ ಅಲ್ಲಿ ಒಂದು ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಕೊಟ್ಟಿರುತ್ತದೆ. ಸಾಲಾಗಿರುವ ನಾಲ್ಕು ಸಿಲಿಂಡರುಗಳ ಹೊಗೆಯೂ ಆ ಒಂದೇ ಗಿಡ್ಡ ಕೊಳವೆಗೆ ಬಂದು ಬೀಳುತ್ತದೆ. ಹೆಡರಿನಲ್ಲಿ ಪ್ರತಿ ಸಿಲಿಂಡರಿಗೂ ಅದರದ್ದೇ ಪೈಪ್ ಇರುತ್ತದೆ. ನಾಲ್ಕೂ ಪೈಪುಗಳು ಸ್ವಲ್ಪ ದೂರ ಬೇರೆಬೇರೆಯಾಗಿ ಹೋಗಿ ಕಲೆಕ್ಟರ್ ಅನ್ನುವ ಜಾಗದಲ್ಲಿ ಒಂದಾಗುತ್ತವೆ. ಊರಲ್ಲಿ ಬೈಕಿಗೆ ಬೆಂಡ್ ಪೈಪ್ ಅಂತೀವಲ್ಲ, ಅದೇ ಕೆಲಸ. ವಿ8 ಅಂದರೆ ನಾಲ್ಕು ನಾಲ್ಕು ಸಿಲಿಂಡರಿನ ಎರಡು ಸಾಲು, ಆದ್ದರಿಂದ ಎಡಕ್ಕೊಂದು, ಬಲಕ್ಕೊಂದು, ಎರಡು ಬೇಕು.

ಪೈಪ್ ಬೇರೆ ಮಾಡಿದ್ರೆ ಪವರ್ ಹೇಗೆ ಬರುತ್ತೆ?

ಎರಡು ದಾರಿಯಲ್ಲಿ. ಮೊದಲನೆಯದು ಸುಲಭ: ಹೊಗೆಗೆ ಅಡ್ಡಿ ಕಡಿಮೆಯಾದರೆ ಅದನ್ನು ಹೊರಗೆ ತಳ್ಳಲು ಪಿಸ್ಟನ್ ಖರ್ಚು ಮಾಡುವ ಶಕ್ತಿ ಉಳಿಯುತ್ತದೆ. ಎರಡನೆಯದೇ ಸ್ವಾರಸ್ಯದ್ದು. ಹೆದ್ದಾರಿಯಲ್ಲಿ ಲಾರಿ ಹಾದುಹೋದಾಗ ಅದರ ಹಿಂದೆಯೇ ಧೂಳು, ಎಲೆ ಎಲ್ಲ ಎಳೆದುಕೊಂಡು ಹೋಗುತ್ತಲ್ಲ, ಹಾಗೆಯೇ ಪೈಪಿನಲ್ಲಿ ಜೋರಾಗಿ ಹೋಗುವ ಹೊಗೆ ತನ್ನ ಬೆನ್ನಿಗೆ ಒತ್ತಡ ಕಡಿಮೆ ಇರುವ ಜಾಗ ಬಿಟ್ಟು ಹೋಗುತ್ತದೆ. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಮುಚ್ಚುವ ಹೊತ್ತಿಗೆ ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ಆಗಲೇ ಸ್ವಲ್ಪ ತೆರೆದಿರುತ್ತದೆ. ಆ ಗಳಿಗೆಯಲ್ಲಿ ಈ ಎಳೆತ ಸಿಕ್ಕರೆ ಸಿಲಿಂಡರಿನಲ್ಲಿ ಉಳಿದ ಹಳೆ ಹೊಗೆ ಹೊರಗೆ ಹೋಗಿ ಹೊಸ ಗಾಳಿ ಜಾಸ್ತಿ ಒಳಗೆ ಬರುತ್ತದೆ. ಇದಕ್ಕೆ ಸ್ಕ್ಯಾವೆಂಜಿಂಗ್ ಅಂತಾರೆ. ಮ್ಯಾನಿಫೋಲ್ಡಿನಲ್ಲಿ ಪಕ್ಕದ ಸಿಲಿಂಡರಿನ ಹೊಗೆಯೇ ಅಡ್ಡ ಬಂದು ಈ ಲಾಭ ಕೆಡುತ್ತದೆ.

ಅಷ್ಟು ಒಳ್ಳೇದಾದ್ರೆ ಕಂಪನಿಯವರೇ ಯಾಕೆ ಹಾಕಲ್ಲ?

ಅವರಿಗೆ ಗೊತ್ತಿಲ್ಲದೆ ಅಲ್ಲ. ಎರಕದ ಕಬ್ಬಿಣ ಅಗ್ಗ, ಗಟ್ಟಿ, ಶಬ್ದ ತಡೆಯುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಕ್ಯಾಟಲಿಟಿಕ್ ಕನ್ವರ್ಟರ್ (ಚಿಕ್ಕದಾಗಿ ಕ್ಯಾಟ್) ಬೇಗ ಬಿಸಿಯಾಗದಿದ್ದರೆ ಹೊಗೆ ಶುದ್ಧವಾಗುವುದಿಲ್ಲ. ಅದಕ್ಕೇ ಮ್ಯಾನಿಫೋಲ್ಡ್ ಗಿಡ್ಡ ಇಟ್ಟು, ಕ್ಯಾಟನ್ನು ಅದರ ಬುಡದಲ್ಲೇ ಕೂರಿಸಿರುತ್ತಾರೆ. 2014ರ ನಂತರದ ಸಿಲ್ವರಾಡೊದ ಕೆಳಗೆ ತಲೆಹಾಕಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ನೇರವಾಗಿ ಹೇಳಿ, ಎಷ್ಟು ಎಚ್‌ಪಿ ಜಾಸ್ತಿ ಆಗುತ್ತೆ?

ಉದ್ದ ಪೈಪಿನ ಹೆಡರ್, ಜೊತೆಗೆ ಒಳ್ಳೆಯ ಟ್ಯೂನ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದುವುದು) ಇದ್ದರೆ ಚಕ್ರದ ಬಳಿ ಸಾಮಾನ್ಯವಾಗಿ 15ರಿಂದ 25 ಎಚ್‌ಪಿ. ಗಿಡ್ಡ ಹೆಡರ್ ಮಾತ್ರ ಹಾಕಿದರೆ 5ರಿಂದ 10, ಕೆಲವೊಮ್ಮೆ ಅದೂ ಇಲ್ಲ. 2014ರಿಂದ 2018ರವರೆಗಿನ 5.3 ಎಂಜಿನ್ ಕಂಪನಿ ಲೆಕ್ಕದಲ್ಲಿ 355 ಎಚ್‌ಪಿ ಕೊಡುತ್ತದೆ, ಅದೂ ನಿಮಿಷಕ್ಕೆ 5,600 ಸುತ್ತು ತಿರುಗುವಾಗ, ಅಂದರೆ 5,600 ಆರ್‌ಪಿಎಂನಲ್ಲಿ. ಹೆಡರಿನ ಲಾಭ ಬಹುಪಾಲು ಬರುವುದೂ ಅಂಥ ಎತ್ತರದಲ್ಲೇ. ದಿನಾ ಆಫೀಸಿಗೆ ಹೋಗಿ ಬರುವಾಗ ನೀವು ಅಲ್ಲಿಗೆ ಎಷ್ಟು ಸಲ ಹೋಗ್ತೀರಿ ಅಂತ ಒಮ್ಮೆ ಮೀಟರ್ ನೋಡಿಕೊಳ್ಳಿ.

ಮೈಲೇಜ್ ಜಾಸ್ತಿ ಆಗುತ್ತಾ?

ಆಗಲ್ಲ ಅಂತಲೇ ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನೇ ಬಳಸುತ್ತದೆ. ಹೊಗೆಯೇ ಕಡಿಮೆ ಇರುವಾಗ ಅದರ ದಾರಿ ಅಗಲ ಮಾಡಿ ಏನು ಪ್ರಯೋಜನ? ಹೊಸ ಶಬ್ದ ಕೇಳುವ ಖುಷಿಗೆ ಆಕ್ಸಿಲರೇಟರ್ ಒತ್ತುತ್ತೀರಲ್ಲ, ಅದರಲ್ಲಿ ಪೆಟ್ರೋಲ್ ಇನ್ನೂ ಸ್ವಲ್ಪ ಹೋಗುತ್ತದೆ.

ಶಬ್ದ ಎಷ್ಟು ಬದಲಾಗುತ್ತೆ? ಹೆಂಡತಿ ಒಪ್ಪಬೇಕಲ್ಲ!

ಗಿಡ್ಡ ಹೆಡರಿಗೆ ಅಷ್ಟೇನೂ ಬದಲಾಗದು. ಉದ್ದ ಹೆಡರ್ ಹಾಕಿದರೆ ಹಳೆ ಮಫ್ಲರ್ (ಸೈಲೆನ್ಸರ್) ಇದ್ದರೂ ಗಾಡಿ ಗಡುಸಾಗುತ್ತದೆ. ತೆಳು ಪೈಪ್ ಆದ್ದರಿಂದ ಬಾನೆಟ್ ಕೆಳಗಿನಿಂದಲೂ ಲೋಹದ ಸದ್ದು ಬರುತ್ತದೆ. ಜನ ಮರೆಯುವುದು ಒಂದು: ಈ ಎಂಜಿನ್ ಹಗುರವಾಗಿ ಓಡುವಾಗ ನಾಲ್ಕು ಸಿಲಿಂಡರ್ ಆಫ್ ಮಾಡಿಕೊಳ್ಳುತ್ತದೆ. ಆಗ ಕ್ಯಾಬಿನ್ನಿನಲ್ಲಿ ಒಂದು ಬೇಸರದ ಗುಂಯ್ ಶುರುವಾಗುತ್ತದೆ. ಒಂದು ಗಂಟೆ ಪ್ರಯಾಣದಲ್ಲಿ ಅದು ತಲೆನೋವು. ಖರೀದಿಸುವ ಮೊದಲು ಅದೇ ಹೆಡರ್ ಇರುವ ಗಾಡಿಯಲ್ಲಿ ಇಬ್ಬರೂ ಕೂತು ಹೆದ್ದಾರಿಗೆ ಹೋಗಿ ಬನ್ನಿ.

## ಯಾವುದು ಕೊಳ್ಳಬೇಕು

ಗಿಡ್ಡದಾ, ಉದ್ದದ್ದಾ?

ಗಿಡ್ಡದ್ದನ್ನು ಶಾರ್ಟಿ ಅಂತಾರೆ. ಹಳೆ ಮ್ಯಾನಿಫೋಲ್ಡ್ ಇದ್ದ ಜಾಗದಲ್ಲೇ ಕೂರುತ್ತದೆ, ಕ್ಯಾಟ್ ಮುಟ್ಟಬೇಕಿಲ್ಲ. ಪೈಪುಗಳು ಬೇಗನೆ ಸೇರಿಬಿಡುವುದರಿಂದ ಸ್ಕ್ಯಾವೆಂಜಿಂಗ್ ಹೆಚ್ಚೇನೂ ಸಿಗದು. ಉದ್ದದ್ದು ಅಂದರೆ ಲಾಂಗ್ ಟ್ಯೂಬ್. ಪೈಪುಗಳು ಗೇರ್‌ಬಾಕ್ಸ್ ಪಕ್ಕದವರೆಗೂ ಇಳಿಯುತ್ತವೆ. ಪವರ್ ಇರುವುದು ಇದರಲ್ಲಿ, ತಲೆನೋವೂ ಇದರಲ್ಲೇ. ಕ್ಯಾಟಿನ ಜಾಗಕ್ಕೇ ಇದು ಬರುವುದರಿಂದ ಎರಡೂ ಕಡೆಯ ಹೊಗೆಯನ್ನು ಒಂದು ಮಾಡುವ ಮುಂದಿನ ವೈ-ಪೈಪನ್ನೂ ಬದಲಾಯಿಸಬೇಕು.

ನನ್ನ ಲೆಕ್ಕ ಇಷ್ಟೇ. ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ ಬದಲಿಗೆ ಶಾರ್ಟಿ ಹಾಕುವುದು ಸರಿ. ಪವರ್ ಬೇಕೆಂದು ಶಾರ್ಟಿಗೆ ದುಡ್ಡು ಸುರಿಯುವುದು ದಂಡ.

ದಪ್ಪ ಪೈಪ್ ಹಾಕಿದಷ್ಟೂ ಒಳ್ಳೇದಲ್ವಾ?

ಅಲ್ಲ. ಪೈಪ್ ಅಗಲವಾದಷ್ಟೂ ಹೊಗೆಯ ವೇಗ ಕಡಿಮೆಯಾಗುತ್ತದೆ. ವೇಗವಿಲ್ಲದೆ ಎಳೆತವಿಲ್ಲ. 5.3 ಲೀಟರಿಗೆ 1-5/8 ಅಥವಾ 1-3/4 ಇಂಚಿನ ಪೈಪ್ ಸಾಕು. 1-7/8 ಇಂಚಿನದು 6.2 ಲೀಟರಿಗೆ, ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹಾಕಿದವರಿಗೆ, ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇರುವವರಿಗೆ. ದಪ್ಪದ್ದನ್ನು ಸುಮ್ನೆ ಹಾಕಿದರೆ ಸಿಗ್ನಲ್ಲಿನಿಂದ ಹೊರಡುವಾಗ ಗಾಡಿ ಮೊದಲಿಗಿಂತ ಮಂದ ಅನ್ನಿಸಬಹುದು.

ಬ್ಯಾಕ್ ಪ್ರೆಶರ್ ಇಲ್ದಿದ್ರೆ ಟಾರ್ಕ್ (ತಿರುಗಿಸೋ ಬಲ) ಹೋಗುತ್ತೆ ಅಂತಾರೆ. ನಿಜಾನಾ?

ಕಂಡದ್ದು ನಿಜ, ಕೊಟ್ಟ ಕಾರಣ ತಪ್ಪು. ದೊಡ್ಡ ಪೈಪ್ ಹಾಕಿದವರ ಗಾಡಿ ಕೆಳಗಿನ ಆರ್‌ಪಿಎಂನಲ್ಲಿ ಸೊರಗಿದ್ದು ಹೌದು. ಆದರೆ ಹೋದದ್ದು ಹೊಗೆಯ ವೇಗ. ಬ್ಯಾಕ್ ಪ್ರೆಶರ್ ಅಂದರೆ ಬರೀ ಅಡ್ಡಿ, ಅದರಿಂದ ಎಂಜಿನ್ನಿಗೆ ಏನೂ ಲಾಭವಿಲ್ಲ. ಅಡ್ಡಿ ಕಡಿಮೆ ಇಟ್ಟು ವೇಗ ಉಳಿಸಿಕೊಳ್ಳುವ ಅಳತೆ ಹುಡುಕುವುದೇ ಹೆಡರ್ ಮಾಡುವವರ ಕಸುಬು.

ನಾನು ಬೋಟ್ ಟ್ರೇಲರ್ ಎಳೀತೀನಿ. ನನಗೇನಾದ್ರೂ ಉಪಯೋಗ ಇದ್ಯಾ?

ಸ್ವಲ್ಪ ಇದೆ. ಆರಾಮವಾಗಿ ಹೋಗುವಾಗ 2,000 ಆರ್‌ಪಿಎಂ ಆಸುಪಾಸಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಲೆಕ್ಕ ನೋಡಿ: ಎಚ್‌ಪಿ ಬೇಕಾದರೆ ಪೌಂಡ್-ಫೂಟ್ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5,252ರಿಂದ ಭಾಗಿಸಬೇಕು. 2,000ದಲ್ಲಿ 5 ಪೌಂಡ್-ಫೂಟ್ ಹೆಚ್ಚಿದರೂ ಸಿಗುವುದು 2 ಎಚ್‌ಪಿಗಿಂತ ಕಮ್ಮಿ. ಘಾಟಿ ಹತ್ತುವಾಗ ಗೇರ್ ಇಳಿದು 4,000 ದಾಟಿದಾಗ ತೆಳು ಪೈಪಿನ ಲಾಂಗ್ ಟ್ಯೂಬ್ ಸಹಾಯ ಮಾಡುತ್ತದೆ.

ಭಾರ ಎಳೆಯುವುದೇ ಮುಖ್ಯವಾದರೆ ಅದೇ ದುಡ್ಡಿನಲ್ಲಿ ಹಿಂದಿನ ಆಕ್ಸಲ್ಲಿನ ಗೇರ್ ಬದಲಾಯಿಸಿ. 3.08 ಅನುಪಾತದ ಗಾಡಿಗೆ 3.73 ಹಾಕಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಟಾರ್ಕ್ ಶೇಕಡಾ 21 ಹೆಚ್ಚುತ್ತದೆ. ಯಾವ ಹೆಡರಿಗೂ ಅದು ಸಾಧ್ಯವಿಲ್ಲ.

ನನ್ನದು ರ‍್ಯಾಮ್ 1500, ವಿ6. ಹೆಡರ್ ಸಿಗುತ್ತಾ?

3.6 ಲೀಟರ್ ಪೆಂಟಾಸ್ಟಾರ್ ಆದರೆ ಆ ಯೋಚನೆ ಬಿಡಿ. ಅದರ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಳಗೇ ಎರಕ ಹೊಯ್ದು ಬಂದಿದೆ. ಬಿಚ್ಚಲು ಅಲ್ಲಿ ಏನೂ ಇಲ್ಲ. ಜೀಪ್ ಗ್ಲೇಡಿಯೇಟರ್‌ದೂ ಇದೇ ಎಂಜಿನ್. ಫೋರ್ಡ್ ಎಫ್-150ರ ಇಕೋಬೂಸ್ಟ್ ಇದ್ದರೆ ಅದರಲ್ಲಿ ಎರಡು ಟರ್ಬೊ ಇವೆ, ಅದರ ಲೆಕ್ಕಾಚಾರವೇ ಬೇರೆ. ಈ ಉತ್ತರಗಳು ಅದಕ್ಕೆ ಹೊಂದುವುದಿಲ್ಲ. ಎಫ್-150ರ 5.0, ರ‍್ಯಾಮಿನ 5.7 ಹೆಮಿ, ಶೆವಿಯ 5.3 ಮತ್ತು 6.2 ಎಲ್ಲವಕ್ಕೂ ಧಾರಾಳವಾಗಿ ಸಿಗುತ್ತವೆ.

ಅಣ್ಣಾ, ಊರಲ್ಲಿ ನನ್ನ ಹತ್ರ ಇಸುಜು ವಿ-ಕ್ರಾಸ್ ಇದೆ. ಹಾಕಿಸಲಾ?

ಬೇಡ ಕಣಪ್ಪ. ಅದು 1.9 ಲೀಟರ್ ಟರ್ಬೊ ಡೀಸೆಲ್. ಟರ್ಬೊ ತಿರುಗುವುದೇ ಹೊಗೆಯ ಬಿಸಿ ಮತ್ತು ಒತ್ತಡದಿಂದ. ಉದ್ದ ಪೈಪ್ ಕೊಟ್ಟು ಅದನ್ನು ತಣ್ಣಗೆ ಮಾಡಿದರೆ ಟರ್ಬೊ ಎಚ್ಚರವಾಗುವುದೇ ತಡ. ಟೊಯೊಟಾ ಹೈಲಕ್ಸ್‌ನ 2.8 ಡೀಸೆಲ್‌ಗೂ ಇದೇ ಮಾತು.

ಕಾನೂನಿನ ಭಯವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. ಶಬ್ದ, ಹೊಗೆ ಮಿತಿ ಮೀರಿದರೆ 190(2) ಕೆಳಗೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಬೈಕುಗಳ ಸೈಲೆನ್ಸರ್ ಸಾಲಾಗಿ ಇಟ್ಟು ಪೊಲೀಸರು ರೋಡ್ ರೋಲರ್ ಹತ್ತಿಸುವುದನ್ನು ನೀನೂ ನೋಡಿರ್ತೀಯ ಅಲ್ವಾ?

ಸ್ಟೇನ್‌ಲೆಸ್ಸಾ, ಕೋಟಿಂಗ್ ಇರೋದಾ? ಬಟ್ಟೆ ತರ ಸುತ್ತುತ್ತಾರಲ್ಲ, ಅದು ಬೇಕಾ?

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ರಾಜ್ಯವಾದರೆ 304 ಸ್ಟೇನ್‌ಲೆಸ್ ತಗೊಳ್ಳಿ, ಬೇರೆ ಮಾತಿಲ್ಲ. 409 ಸ್ವಲ್ಪ ಅಗ್ಗ. ಮೇಲೆ ಕಂದು ತುಕ್ಕು ಕಾಣುತ್ತದೆ, ಆದರೆ ಬಾಳಿಕೆ ಬರುತ್ತದೆ. ಸಾದಾ ಉಕ್ಕಿನದು ಸೆರಾಮಿಕ್ ಕೋಟಿಂಗ್ ಇದ್ದರೆ ಮಾತ್ರ. ಕೋಟಿಂಗ್ ಇದ್ದರೆ ಬಾನೆಟ್ ಒಳಗೆ ಬಿಸಿಯೂ ಕಮ್ಮಿ. ಸುತ್ತುವ ಪಟ್ಟಿ ನನಗೆ ಇಷ್ಟವಿಲ್ಲ. ಅದು ನೀರು ಹೀರಿಕೊಂಡು ಪೈಪಿಗೆ ಅಂಟಿಕೊಂಡೇ ಇರುತ್ತದೆ, ಸಾದಾ ಉಕ್ಕು ಒಳಗೊಳಗೇ ತಿಂದುಹೋಗುತ್ತದೆ.

## ಕಂಪ್ಯೂಟರ್, ಕಾನೂನು, ವಾರಂಟಿ

ಟ್ಯೂನ್ ಮಾಡಿಸಲೇಬೇಕಾ?

ಶಾರ್ಟಿಗೆ ಬೇಡ. ಲಾಂಗ್ ಟ್ಯೂಬಿಗೆ ಮಾಡಿಸದಿದ್ದರೂ ಎಂಜಿನ್ ಸುಟ್ಟುಹೋಗುವುದಿಲ್ಲ. ಒಳಗೆ ಬರುವ ಗಾಳಿಯನ್ನು ಮಾಸ್ ಏರ್‌ಫ್ಲೋ ಸೆನ್ಸರ್ ಅಳೆಯುತ್ತದೆ, ಸಾಮಾನ್ಯ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲ್ ಸರಿಮಾಡುತ್ತದೆ. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದು ತನ್ನ ಹಳೆ ಕೋಷ್ಟಕದ ಪ್ರಕಾರವೇ ನಡೆಯುತ್ತದೆ. ನೀವು ಕೊಟ್ಟ ದುಡ್ಡಿನ ಫಲ ಇರುವುದೂ ಅಲ್ಲೇ. ಟ್ಯೂನ್ ಇಲ್ಲದೆ ಅದು ಪೂರ್ತಿ ಕೈಗೆ ಬರುವುದಿಲ್ಲ.

ಹಾಕಿಸಿದ ಮೇಲೆ ಚೆಕ್ ಎಂಜಿನ್ ಲೈಟ್ ಬಂತು. ಏನ್ಮಾಡ್ಲಿ?

ಮೊದಲು ಕೋಡ್ ಓದಿಸಿ. ಪಿ0420 ಅಥವಾ ಪಿ0430 ಬಂದರೆ ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಹಿಂದಿನ ಸೆನ್ಸರ್ ದೂರು ಕೊಡುತ್ತಿದೆ. ಅಗ್ಗದ ಕ್ಯಾಟ್ ಇರಬಹುದು, ಅಥವಾ ಎಂಜಿನ್ನಿನಿಂದ ದೂರ ಹೋದದ್ದಕ್ಕೆ ಅದು ಸಾಕಷ್ಟು ಬಿಸಿಯಾಗುತ್ತಿಲ್ಲ.

ಪಿ0171 ಅಥವಾ ಪಿ0174 ಬಂದರೆ ನನಗೆ ಮೊದಲ ಸಂಶಯ ಸೋರಿಕೆ. ಹೊಗೆ ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಒತ್ತಡ ಇಳಿದಾಗ ಸೋರುವ ಜಾಗದಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಮ್ಮಿಯಾಯ್ತು ಅಂದುಕೊಳ್ಳುತ್ತದೆ, ಕಂಪ್ಯೂಟರ್ ಸುಮ್ನೆ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಸೆನ್ಸರಿನ ವೈರ್ ಉದ್ದ ಸಾಲದೆ ಎಳೆದು ಕಟ್ಟಿ, ಅದು ಪೈಪಿಗೆ ತಾಗಿ ಸುಟ್ಟಿರುವುದೂ ಉಂಟು. ಎಕ್ಸ್‌ಟೆನ್ಶನ್ ವೈರ್ ಹಾಕಿಸಿ.

ಕ್ಯಾಟ್ ತೆಗೆದುಬಿಟ್ರೆ ಇನ್ನೂ ಪವರ್ ಬರುತ್ತಂತಲ್ಲ?

ತೆಗೆಯಬೇಡಿ. ಅಮೆರಿಕದ ಕ್ಲೀನ್ ಏರ್ ಕಾಯ್ದೆ ಪ್ರಕಾರ ರಸ್ತೆಯಲ್ಲಿ ಓಡುವ ಗಾಡಿಯ ಹೊಗೆ ನಿಯಂತ್ರಣ ಸಾಧನ ತೆಗೆಯುವುದು ಅಪರಾಧ. ಐವತ್ತೂ ರಾಜ್ಯಗಳಿಗೆ ಅನ್ವಯ. ಒಳ್ಳೆಯ ಗುಣಮಟ್ಟದ, ಹೊಗೆಗೆ ಅಡ್ಡಿ ಕಮ್ಮಿ ಇರುವ ಹೈ-ಫ್ಲೋ ಕ್ಯಾಟ್ ಇಟ್ಟುಕೊಂಡರೆ ಕಳೆದುಕೊಳ್ಳುವ ಪವರ್ ಬೀದಿಯಲ್ಲಿ ಗೊತ್ತೇ ಆಗದಷ್ಟು. ಕ್ಯಾಟ್ ತೆಗೆದರೆ ಹಸಿ ಪೆಟ್ರೋಲ್ ವಾಸನೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವ ಗಾಡಿ ಅದು.

ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಬಿಗಿ. ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಇಒ (ಎಕ್ಸಿಕ್ಯುಟಿವ್ ಆರ್ಡರ್, ಅಂದರೆ ಅನುಮತಿ) ನಂಬರ್ ಇರುವ ಹೆಡರ್ ಮಾತ್ರ ಹಾಕಬಹುದು. ಸ್ಮಾಗ್ (ಹೊಗೆ) ಪರೀಕ್ಷೆಯವರು ಬರೀ ಕಣ್ಣಿಂದ ನೋಡಿಯೂ ಫೇಲು ಮಾಡಬಹುದು. ಆ ನಂಬರ್ ಸಿಕ್ಕಿರುವುದು ಹೆಚ್ಚಾಗಿ ಶಾರ್ಟಿಗಳಿಗೆ. ಕ್ಯಾಟ್ ಜಾಗ ಬದಲಿಸುವ ಲಾಂಗ್ ಟ್ಯೂಬುಗಳನ್ನು 'ರೇಸಿಗೆ ಮಾತ್ರ' ಅಂತ ಬರೆದು ಮಾರುತ್ತಾರೆ. ಆ ಸಣ್ಣ ಅಕ್ಷರ ಓದಿಯೇ ದುಡ್ಡು ಕೊಡಿ.

ವಾರಂಟಿ ಹೋಗಿಬಿಡುತ್ತಾ?

ಪೂರ್ತಿ ಹೋಗುವುದಿಲ್ಲ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಇದೆ. ಹೊರಗಿನ ಬಿಡಿಭಾಗ ಹಾಕಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ, ಆ ಭಾಗದಿಂದಲೇ ತೊಂದರೆಯಾಯ್ತು ಅಂತ ತೋರಿಸಬೇಕು. ಹೆಡರ್ ಹಾಕಿದ್ದಕ್ಕೆ ಎಸಿ ರಿಪೇರಿ ಇಲ್ಲ ಅನ್ನಲಾಗದು. ಆದರೆ ಕ್ಯಾಟ್ ಕೈಕೊಟ್ಟರೆ ನಿಮ್ಮ ವಾದ ನಿಲ್ಲುವುದು ಕಷ್ಟ. ಮೂಲ ಕ್ಯಾಟಿಗೆ ಫೆಡರಲ್ ನಿಯಮದಂತೆ 8 ವರ್ಷ ಅಥವಾ 80,000 ಮೈಲಿ ವಾರಂಟಿ ಇರುತ್ತದೆ. ಅದು ಮುಗಿದ ಮೇಲೆ ಕೈಹಾಕುವುದು ಜಾಣತನ.

## ಹಾಕುವ ಕೆಲಸ

ಮನೆ ಗರಾಜಿನಲ್ಲೇ ಹಾಕ್ಬಹುದಾ?

ಕೈ ಪಳಗಿದವರಿಗೆ ವಾರಾಂತ್ಯದ ಕೆಲಸ. ಕಷ್ಟ ಹೊಸದನ್ನು ಹಾಕುವುದರಲ್ಲಿಲ್ಲ, ಹಳೆ ಬೋಲ್ಟ್ ತೆಗೆಯುವುದರಲ್ಲಿದೆ. ಮ್ಯಾನಿಫೋಲ್ಡ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಮ್ಯಾನಿಫೋಲ್ಡ್ ಕಬ್ಬಿಣ. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಮ್ಯಾನಿಫೋಲ್ಡ್ ಮಾತ್ರ ಹೆಡ್ಡಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಹೀಗೆ ವರ್ಷಗಟ್ಟಲೆ ಜಗ್ಗಾಡಿ 8 ಮಿಲಿಮೀಟರಿನ ಬೋಲ್ಟ್‌ನ ತಲೆ ಕಿತ್ತು ಬರುತ್ತದೆ. ತುದಿಯ ಬೋಲ್ಟುಗಳು, ಅದರಲ್ಲೂ ಕ್ಯಾಬಿನ್ನಿನ ಮುಂದಿನ ಗೋಡೆ, ಅಂದರೆ ಫೈರ್‌ವಾಲ್ ಕಡೆಯವು, ಮೊದಲು ಹೋಗುತ್ತವೆ.

ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಎಂಜಿನ್ ತಣ್ಣಗಿರಲಿ. ಬೋಲ್ಟ್ ಬಿಗಿಯಾಗಿ ನಿಂತರೆ ಒಂದೇ ಸಮ ತಿರುಗಿಸಬೇಡಿ, ಸ್ವಲ್ಪ ಸಡಿಲ, ಸ್ವಲ್ಪ ಬಿಗಿ, ಮತ್ತೆ ಸಡಿಲ. ಮುರಿದರೆ ಉಳಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ಬಿಚ್ಚುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಡ್ರಿಲ್ ಸ್ವಲ್ಪ ಓರೆಯಾದರೂ ಹೆಡ್ ಹಾಳು. ಎಡಗಡೆ ಸ್ಟೀರಿಂಗ್ ಶಾಫ್ಟ್ ಬಿಚ್ಚಬೇಕಾಗಬಹುದು. ಚಕ್ರ ನೇರ ಇಟ್ಟು, ಸ್ಟೀರಿಂಗ್ ತಿರುಗದಂತೆ ಕಟ್ಟಿಡಿ.

ಹೊಸ ಬೋಲ್ಟುಗಳನ್ನು ಎರಡು ಸುತ್ತಿನಲ್ಲಿ ಬಿಗಿ ಮಾಡಿ: ಮೊದಲು 11, ಆಮೇಲೆ 18 ಪೌಂಡ್-ಫೂಟ್, ನಡುವಿನಿಂದ ತುದಿಗೆ. ಹೆಡರ್ ಜೊತೆ ಬಂದ ಹಾಳೆಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಅಗ್ಗದ ಕಾಗದದ ಗ್ಯಾಸ್ಕೆಟ್ ಬೇಡ, ಪದರದ ಉಕ್ಕಿನದು ಹಾಕಿ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಗೆ ಎದ್ದರೆ ಗಾಬರಿ ಬೇಡ, ಪೈಪಿಗೆ ಹಚ್ಚಿದ ಎಣ್ಣೆ ಉರಿಯುತ್ತಿರುತ್ತದೆ.

ಬೆಳಿಗ್ಗೆ ಟಿಕ್ ಟಿಕ್ ಅನ್ನುತ್ತೆ, ಆಮೇಲೆ ನಿಲ್ಲುತ್ತೆ. ಎಂಜಿನ್ ಹೋಯ್ತಾ?

ಬಿಸಿಯಾದ ಮೇಲೆ ನಿಂತರೆ ಬಹುತೇಕ ಎಕ್ಸಾಸ್ಟ್ ಸೋರಿಕೆ. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಹೆಡರ್ ಎಂಜಿನ್ನಿಗೆ ಸೇರುವ ಪೋರ್ಟಿನ ಸುತ್ತ ಕಪ್ಪು ಮಸಿ ಹಿಡಿದಿದೆಯಾ ನೋಡಿ. ಬಿಸಿಯಾದ ಮೇಲೂ ಹಾಗೇ ಇದ್ದರೆ ಲಿಫ್ಟರ್ (ಎಂಜಿನ್ ಒಳಗೆ ವಾಲ್ವ್ ಎತ್ತುವ ಭಾಗ) ಕಡೆ ಅನುಮಾನ ಪಡಿ. ಹೆಮಿಯಲ್ಲೂ 5.3ರಲ್ಲೂ ಲಿಫ್ಟರ್ ಕಾಯಿಲೆ ಇದೆ. ಅದಕ್ಕೆ ಹೆಡರ್ ಮದ್ದಲ್ಲ.

ಹಳೆ ಮ್ಯಾನಿಫೋಲ್ಡ್ ಗುಜರಿಗೆ ಹಾಕ್ಲಾ?

ಹಾಕಬೇಡಿ. ಕ್ಯಾಟ್ ಸಮೇತ ಗರಾಜಿನ ಮೂಲೆಯಲ್ಲಿರಲಿ. ಬೇರೆ ರಾಜ್ಯಕ್ಕೆ ಹೋಗುವಾಗ, ಗಾಡಿ ಮಾರುವಾಗ ಬೇಕಾಗುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಪೈಪಿನ ಉದ್ದ ಯಾವ ಲೆಕ್ಕದಲ್ಲಿ ಇಡ್ತಾರೆ?

ವಾಲ್ವ್ ತೆರೆದಾಗ ಒಂದು ಒತ್ತಡದ ಅಲೆ ಪೈಪಿನಲ್ಲಿ ಓಡುತ್ತದೆ. ಕಲೆಕ್ಟರಿನಲ್ಲಿ ಪೈಪ್ ಅಗಲವಾದ ಕೂಡಲೇ ಅದರ ಒಂದು ಭಾಗ ಕಡಿಮೆ ಒತ್ತಡದ ಅಲೆಯಾಗಿ ವಾಪಸ್ ಬರುತ್ತದೆ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 600 ಮೀಟರ್. 36 ಇಂಚಿನ ಪೈಪಿನಲ್ಲಿ ಹೋಗಿ ಬರಲು 3 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) 3,000 ಆರ್‌ಪಿಎಂನಲ್ಲಿ ಸುಮಾರು 55 ಡಿಗ್ರಿ, 6,000ದಲ್ಲಿ 110 ಡಿಗ್ರಿ ತಿರುಗಿರುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದಿರುವುದು 200 ಡಿಗ್ರಿಗೂ ಜಾಸ್ತಿ. ಅಲೆ ಬೇಕಾಗಿರುವುದು ಅದರ ಕೊನೆಯಲ್ಲಿ. ಕೆಳಗಿನ ಆರ್‌ಪಿಎಂಗೆ ಉದ್ದ ಪೈಪ್ ಯಾಕೆ ಬೇಕು ಅನ್ನುವುದು ಇಲ್ಲೇ ಗೊತ್ತಾಗುತ್ತದೆ. 12 ಇಂಚಿನ ಶಾರ್ಟಿಯಲ್ಲಿ, ಅದೇ 3,000ದಲ್ಲಿ, ಅಲೆ 18 ಡಿಗ್ರಿಗೇ ವಾಪಸ್ ಬಂದು, ಅತ್ತಿತ್ತ ಬಡಿದು, ಬೇಕಾದ ಹೊತ್ತಿಗೆ ಸತ್ತೇಹೋಗಿರುತ್ತದೆ.

ವಿ8ನಲ್ಲಿ ನಾಲ್ಕೂ ಪೈಪ್ ಸಮ ಇದ್ರೂ ಪೂರ್ತಿ ಲಾಭ ಸಿಗಲ್ಲ ಅಂತಾರಲ್ಲ, ಯಾಕೆ?

ಫೈರಿಂಗ್ ಆರ್ಡರಿನಿಂದ, ಅಂದರೆ ಸಿಲಿಂಡರುಗಳು ಉರಿಯುವ ಸರದಿಯಿಂದ. 5.3ರದು 1-8-7-2-6-5-4-3. ಎಡಗಡೆ ಬೆಸ ಸಂಖ್ಯೆ, ಬಲಗಡೆ ಸಮ ಸಂಖ್ಯೆ. ಈಗ ಎಣಿಸಿ ನೋಡಿ: ಬಲಗಡೆ 2 ಆದ ಮೇಲೆ ಬರೀ 90 ಡಿಗ್ರಿಗೆ 6. ಎಡಗಡೆ 3 ಆದ ಕೂಡಲೇ 1. ಅಂದರೆ ಪ್ರತಿ ಕಡೆಯಲ್ಲೂ ಒಂದು ಜೋಡಿ ಬೆನ್ನುಬೆನ್ನಿಗೆ ಬಂದು ಕಲೆಕ್ಟರಿನಲ್ಲಿ ನುಗ್ಗಾಡುತ್ತದೆ. ಅಮೆರಿಕನ್ ವಿ8ನ ಆ ಗುಡುಗುಡು ಸದ್ದು ಹುಟ್ಟುವುದೂ ಈ ಅಸಮ ಬಡಿತದಿಂದಲೇ. ನಾಲ್ಕನ್ನು ಮೊದಲು ಎರಡೆರಡಾಗಿ ಸೇರಿಸಿ ಆಮೇಲೆ ಒಂದು ಮಾಡುವ ಟ್ರೈ-ವೈ ಹೆಡರಿನಲ್ಲಿ ಈ ಜೋಡಿಯನ್ನು ಬೇರೆ ಇಡುತ್ತಾರೆ. ಮಧ್ಯದ ಆರ್‌ಪಿಎಂನಲ್ಲಿ ಟಾರ್ಕ್ ಚೆನ್ನಾಗಿ ಬರುತ್ತದೆ. ಟ್ರಕ್ಕಿಗೆ ಅದೇ ನನಗೆ ಹೆಚ್ಚು ಇಷ್ಟ, ಸಿಕ್ಕರೆ.

ಕ್ಯಾಮ್ ಬದಲಾಯಿಸಿದ ಮೇಲೆ ಹೆಡರ್ ಜಾಸ್ತಿ ಕೆಲಸ ಮಾಡುತ್ತಾ?

ಹೌದು. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಟ್ರಕ್ಕಿನ ಮೂಲ ಕ್ಯಾಮ್‌ನಲ್ಲಿ ತುಂಬಾ ಕಡಿಮೆ. ಎಳೆದುಕೊಳ್ಳಲು ಹೆಡರಿಗೆ ಅವಕಾಶವೇ ಇಲ್ಲ. 5.3ರಲ್ಲಿ ಒಂದೇ ಕ್ಯಾಮ್ ಇರುವುದರಿಂದ ಫೇಸರ್ (ಕ್ಯಾಮ್ ಹಿಂದೆ ಮುಂದೆ ತಿರುಗಿಸುವ ಭಾಗ) ಎರಡೂ ವಾಲ್ವುಗಳ ಸಮಯವನ್ನು ಒಟ್ಟಿಗೇ ಸರಿಸುತ್ತದೆ, ಟ್ಯೂನಿನಿಂದ ಈ ಹೊತ್ತನ್ನು ಹೆಚ್ಚಿಸಲಾಗದು. ಫೋರ್ಡಿನ 5.0ರಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಕ್ಯಾಮ್‌ಗಳು ಬೇರೆಬೇರೆ ತಿರುಗುತ್ತವೆ. ಅಲ್ಲಿ ಟ್ಯೂನರ್‌ಗೆ ಆಟ ಜಾಸ್ತಿ.

ಮಾರುವವರು ಡೈನೊ (ಪವರ್ ಅಳೆಯೋ ಯಂತ್ರ) ಹಾಳೆ ತೋರಿಸ್ತಾರೆ. ನಂಬಬಹುದಾ?

ಹಾಳೆ ಸುಳ್ಳಿರಲಿಕ್ಕಿಲ್ಲ. ಹೋಲಿಕೆ ಯಾವುದರ ಜೊತೆ ಅನ್ನುವುದನ್ನು ನೋಡಿ. ಎಷ್ಟೋ ಸಲ ಮೊದಲ ಗೆರೆ ಏನೂ ಮಾಡದ ಗಾಡಿಯದು, ಎರಡನೆಯದು ಹೆಡರ್ ಮತ್ತು ಟ್ಯೂನ್ ಸೇರಿದ್ದು. ಟ್ಯೂನ್ ಒಂದರಿಂದಲೇ ಬಂದದ್ದೆಷ್ಟು ಅಂತ ಕೇಳಿ. ಎರಡೂ ಓಟ ಅದೇ ಯಂತ್ರದಲ್ಲಿ, ಅದೇ ಗೇರಿನಲ್ಲಿ, ಅದೇ ಎಂಜಿನ್ ಬಿಸಿಯಲ್ಲಿ ಆಗಿದ್ದಾವಾ? ಹವಾಮಾನದ ತಿದ್ದುಪಡಿ ಒಂದೇ ಮಾನದಂಡದ್ದಾ? ಗಾಡಿ ಬಿಸಿಯಾಗಿದ್ದರಿಂದಲೇ ಎರಡು ಓಟಗಳ ನಡುವೆ ಕೆಲವು ಎಚ್‌ಪಿ ಏರುಪೇರಾಗುತ್ತದೆ, ಆದ್ದರಿಂದ 6 ಎಚ್‌ಪಿ ಲಾಭ ಅಂತ ತೋರಿಸಿದ ಶಾರ್ಟಿಯನ್ನು ನಾನಂತೂ ಲೆಕ್ಕಕ್ಕೇ ಇಡುವುದಿಲ್ಲ. ಗರಿಷ್ಠ ಅಂಕಿ ಬಿಟ್ಟು, ನೀವು ನಿಜವಾಗಿ ಗಾಡಿ ಓಡಿಸುವ 2,000ದಿಂದ 4,000ದ ನಡುವೆ ಎರಡು ಗೆರೆ ಎಷ್ಟು ದೂರ ಇವೆ ಅಂತ ನೋಡಿ. ಕೆಲವು ಹಾಳೆಗಳು 3,500ರಿಂದಲೇ ಶುರುವಾಗುತ್ತವೆ. ಅದಕ್ಕಿಂತ ಕೆಳಗಿನದು ಯಾಕೆ ಇಲ್ಲ ಅಂತ ಅಂಗಡಿಯವರನ್ನೇ ಕೇಳಿ.